ನೇತ್ರಾಣಿಯ ಹವಳವನ್ನು ಮುಟ್ಟಬೇಡಿ

ನಮ್ಮ ಕೋಲಾರದ ವೇಮಗಲ್, ನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರೇ, ರಜೆ ಸಿಕ್ಕಿದರೆ ರಾತ್ರಿ ಬಸ್ಸು ಹಿಡಿದು ಮುರುಡೇಶ್ವರಕ್ಕೆ ಹೊರಡುವವರೇ, ಈ ಮಾತು ನಿಮಗೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ, ಸ್ನಾರ್ಕೆಲಿಂಗ್ ಎಂದು ನೀರಿಗಿಳಿಯುತ್ತೀರಿ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳೇ ಏಳುವ ಸೀಮೆಯವರು ನಾವು. ಆ ನೀಲಿ ಕಂಡರೆ ಎದೆ ತುಂಬಿ ಬಾರದೆ ಇದ್ದೀತೆ? ಹೋಗಿ, ಖಂಡಿತ ಹೋಗಿ. ಗಿಳಿಮೀನು ಬಂಡೆ ಕೆರೆದು ಪಾಚಿ ತಿನ್ನುವುದನ್ನು ನೋಡಿ, ಚಿಟ್ಟೆಮೀನುಗಳು ಜೋಡಿಯಾಗಿ ಸುಳಿಯುವುದನ್ನು ನೋಡಿ. ಕಡಲಾಮೆ ಎದುರಾದರೆ ನಿಮ್ಮ ಪುಣ್ಯ.

ಆದರೆ ದಣಿದ ಕಾಲು ಊರುವಾಗ ಕೆಳಗಿರುವುದು ಬರೀ ಕಲ್ಲೆಂದುಕೊಳ್ಳಬೇಡಿ. ಹವಳಕ್ಕೆ ಜೀವವಿದೆ. ಉಗುರಿನಷ್ಟೂ ಇಲ್ಲದ ಸಾವಿರಾರು ಪ್ರಾಣಿಗಳು ಸುಣ್ಣ ಸ್ರವಿಸಿ ಕಟ್ಟಿಕೊಂಡ ಗೂಡು ಅದು. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಒಂದು ಗೇಣು ಬೆಳೆಯುವಷ್ಟರಲ್ಲಿ ಇವತ್ತು ಹುಟ್ಟಿದ ಕೂಸು ನಿಮ್ಮ ಹಾಗೆ ದುಡಿಮೆಗೆ ಹೊರಟಿರುತ್ತದೆ. ಅದನ್ನು ಒಂದು ಸೆಲ್ಫಿಗಾಗಿ ಮುರಿಯುವುದೇ?

ಹವಳದ ಕಷ್ಟ ಮೊದಲೇ ದೊಡ್ಡದು. ನೀರು ಬಿಸಿಯಾದರೆ ಒಳಗಿದ್ದು ಅನ್ನ ಕೊಡುವ ಸೂಕ್ಷ್ಮ ಪಾಚಿಯನ್ನೇ ಅದು ಹೊರಹಾಕುತ್ತದೆ, ಬೆಳ್ಳಗೆ ಬಿಳುಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೇ ಮಹಾ ಬಿಳುಚುವಿಕೆಯನ್ನು ಘೋಷಿಸಿದರು. ಕೆರಿಬಿಯನ್ ದ್ವೀಪಗಳಿಂದ ನಮ್ಮ ಲಕ್ಷದ್ವೀಪದವರೆಗೆ ಹವಳ ಸತ್ತಿತು. ನೇತ್ರಾಣಿಯಂತೂ ನೌಕಾಪಡೆಯ ಗುರಿ ಅಭ್ಯಾಸದ ಗುಂಡುಗಳನ್ನೂ ತಿಂದ ನೆಲ. ಇಷ್ಟರ ಮೇಲೆ ನಮ್ಮ ಕಾಲ ತುಳಿತವೂ ಬೇಕೇ?

ಕಾನೂನು ಇದೆ. 2001ರಲ್ಲೇ ದಿಬ್ಬ ಕಟ್ಟುವ ಹವಳ, ವೇಲ್ ಶಾರ್ಕ್ ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ, ಸೇರಿದವು. ಷೋಕೇಸಿಗೆಂದು ಒಂದು ತುಂಡು ತಂದರೂ ಅಪರಾಧ. ಆದರೆ ಹತ್ತಾರು ಅಡಿ ನೀರಿನಡಿ ಪೊಲೀಸರಿರುವುದಿಲ್ಲ; ಅಲ್ಲಿರುವುದು ನೀವು, ನಿಮ್ಮ ಕೈ.

ಕಡಲಿಗೂ ಕೋಲಾರಕ್ಕೂ ಏನು ಸಂಬಂಧ ಎನ್ನಬೇಡಿ. ಪಾಲಾರ್ ನಮ್ಮ ಜಿಲ್ಲೆ ಹಾದು ಬಂಗಾಳಕೊಲ್ಲಿ ಸೇರುವ ನದಿ. ದೊಡ್ಡ ಮಳೆ ಬಂದು ಕೆರೆಗಳು ಕೋಡಿ ಬಿದ್ದರೆ ರಾಜಕಾಲುವೆಗೆ ನಾವೆಸೆದ ಪ್ಲಾಸ್ಟಿಕ್ಕೂ ಅದರ ಹಾದಿ ಹಿಡಿಯುತ್ತದೆ.

ಮುಂದಿನ ಸಲ ದೋಣಿ ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ದೋಣಿಯನ್ನು ತೇಲುಬುರುಡೆಗೆ ಕಟ್ಟುತ್ತೀರೋ, ಹವಳದ ಮೇಲೆ ಲಂಗರು ಹಾಕುತ್ತೀರೋ? ಲಂಗರು ಎಂದರೆ ಹತ್ತಬೇಡಿ. ಕೊಟ್ಟ ದುಡ್ಡು ವಾಪಸ್ ಕೇಳಿ, ಯಾಕೆಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ.