ವೇಗ ಹೆಚ್ಚಿದ್ದನ್ನು ಯಾವಾಗ ಹೇಳಬೇಕು?

ತಂತ್ರಾಂಶದ ಹೊಸ ಆವೃತ್ತಿಯೊಂದಿಗೆ ಬರುವ ಬಿಡುಗಡೆ ಟಿಪ್ಪಣಿ ಇರುವುದು ಬಳಸುವವರಿಗಾಗಿ. ಎರಡು ಆವೃತ್ತಿಗಳ ನಡುವೆ ವೇಗಕ್ಕೆಂದೇ ನೂರಾರು ತಿದ್ದುಪಡಿಗಳು ಆಗಬಹುದು. ಅವುಗಳಲ್ಲಿ ಯಾವುದು ಟಿಪ್ಪಣಿಗೆ ಸೇರಬೇಕೆಂಬುದನ್ನು ತಂಡ ಪಟ್ಟ ಶ್ರಮ ನೋಡಿ ತೀರ್ಮಾನಿಸಲಾಗದು. ಓದಿದವರು ಅದರಿಂದ ತಮ್ಮ ಕೆಲಸದಲ್ಲಿ ಏನನ್ನಾದರೂ ಬದಲಿಸಿಕೊಳ್ಳಬೇಕಾಗುತ್ತದೆಯೇ, ಬದಲಿಸಿಕೊಳ್ಳಬಹುದೇ ಎಂಬುದೇ ಸರಿಯಾದ ಅಳತೆ.

ಕೊಂಕಣ ರೈಲ್ವೆ ಪ್ರತಿವರ್ಷ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಪ್ರಕಟಿಸುತ್ತದೆ. ಮೂಕಾಂಬಿಕಾ ರೋಡ್ ಬೈಂದೂರು, ಕುಂದಾಪುರ, ಬಾರ್ಕೂರು ನಿಲ್ದಾಣಗಳಲ್ಲಿ ಕಾಯುವವರಿಗೆ ರೈಲು ಬರುವ ಹೊತ್ತು ಗೊತ್ತಾದರೆ ಸಾಕು. ಹಳಿಯ ದುರಸ್ತಿಯ ವಿವರ ಎಂಜಿನಿಯರರ ಕಡತದಲ್ಲಿರುತ್ತದೆ. ಬಿಡುಗಡೆ ಟಿಪ್ಪಣಿಯಲ್ಲೂ ಓದುಗ ಯಾರೆಂಬುದು ಮೊದಲು ನಿಶ್ಚಯವಾಗಬೇಕು. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳ ಒಳಗೆಲ್ಲ ಇದೆ. ಅದರ ಒಂದು ಹಂತ ಚುರುಕಾದರೆ ಆ ಸುದ್ದಿ ಹಾರ್ಫ್‌ಬಜ್‌ನ ಟಿಪ್ಪಣಿಗೆ ತಕ್ಕದ್ದು. ಬ್ರೌಸರ್‌ನಲ್ಲಿ ಪತ್ರಿಕೆ ಓದುವವರಿಗೆ ಪುಟ ಬೇಗ ತೆರೆದದ್ದು ಅನುಭವಕ್ಕೆ ಬರದಿದ್ದರೆ ಅಲ್ಲಿ ಅದನ್ನು ಬರೆಯಬೇಕಾಗಿಲ್ಲ.

ಹಳೆಯ ಅಡ್ಡದಾರಿಯೊಂದನ್ನು ಅನಗತ್ಯವಾಗಿಸುವ ಸುಧಾರಣೆಯನ್ನಂತೂ ಬಿಡಲೇಬಾರದು. ದತ್ತಾಂಶ ನಿರ್ವಹಿಸುವ ಪೋಸ್ಟ್‌ಗ್ರೆಸ್‌ನಲ್ಲಿ, ಪೂರ್ವನಿಗದಿತ ಮೌಲ್ಯವಿರುವ ಹೊಸ ಕಾಲಂ ಸೇರಿಸಿದರೆ ಇಡೀ ಕೋಷ್ಟಕ ಮತ್ತೆ ಬರೆಯಲ್ಪಡುತ್ತಿತ್ತು. ಅದು ಮುಗಿಯುವವರೆಗೆ ಕೋಷ್ಟಕಕ್ಕೆ ಬೀಗ. ದೊಡ್ಡ ಕೋಷ್ಟಕಗಳಿಗೆ ಈ ಕೆಲಸವನ್ನು ಹಂತಹಂತವಾಗಿ ಮಾಡುವುದೇ ರೂಢಿಯಾಗಿತ್ತು. 2018ರ 11ನೇ ಆವೃತ್ತಿ ಸ್ಥಿರ ಮೌಲ್ಯಗಳ ಮಟ್ಟಿಗೆ ಈ ಮರುಬರಹವನ್ನು ತಪ್ಪಿಸಿತು. ಟಿಪ್ಪಣಿ ಓದದವರು ಹಳೆಯ ಕಷ್ಟವನ್ನೇ ಮುಂದುವರಿಸುತ್ತಾರೆ.

ವೇಗಕ್ಕಾಗಿ ನಡತೆಯೇ ಬದಲಾದರೆ ಹೊಣೆ ಇನ್ನೂ ಹೆಚ್ಚು. 2019ರ 12ನೇ ಆವೃತ್ತಿಯಲ್ಲಿ ಪೋಸ್ಟ್‌ಗ್ರೆಸ್ 'ವಿತ್' ಎಂದು ಆರಂಭವಾಗುವ ಉಪಪ್ರಶ್ನೆಗಳನ್ನು, ಕೆಲವು ಷರತ್ತುಗಳಿಗೆ ಒಳಪಟ್ಟು, ಮುಖ್ಯ ಪ್ರಶ್ನೆಯೊಳಗೆ ಕರಗಿಸತೊಡಗಿತು. ಹೆಚ್ಚಿನವರಿಗೆ ಇದು ಲಾಭ. ಅವುಗಳನ್ನು ಬೇಕೆಂದೇ ಪ್ರತ್ಯೇಕವಾಗಿ ಇಟ್ಟುಕೊಂಡಿದ್ದವರಿಗೆ ನಷ್ಟವಾಗಬಹುದಿತ್ತು. ಹಿಂದಿನಂತೆಯೇ ನಡೆಸಲು 'ಮೆಟೀರಿಯಲೈಸ್ಡ್' ಎಂದು ಬರೆಯಬೇಕೆಂಬುದೂ ಟಿಪ್ಪಣಿಯಲ್ಲೇ ಇತ್ತು. ಹೀಗೆ ಹಿಂತಿರುಗುವ ದಾರಿಯನ್ನೂ ತೋರಿಸಿದಾಗಲೇ ಟಿಪ್ಪಣಿ ಪೂರ್ಣ. ಇದಕ್ಕೆ ವ್ಯತಿರಿಕ್ತವಾದ ಅನುಭವ 2010ರದು. ಲಿನಕ್ಸ್‌ನ ಮೂಲ ಗ್ರಂಥಾಲಯ ಜಿಲಿಬ್‌ಸಿಯಲ್ಲಿ ಸ್ಮೃತಿಯನ್ನು ನಕಲು ಮಾಡುವ ಕೆಲಸ ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ಮೊದಲಿನತ್ತ ನಡೆಯಲಾರಂಭಿಸಿತು. ನಿಯಮಕ್ಕೆ ಅದು ವಿರುದ್ಧವಾಗಿರಲಿಲ್ಲ. ಆದರೆ ಫೆಡೋರಾ 14 ಬಳಸುತ್ತಿದ್ದವರ ಕಂಪ್ಯೂಟರ್‌ಗಳಲ್ಲಿ ಅಡೋಬಿ ಫ್ಲ್ಯಾಶ್‌ನ ಧ್ವನಿ ಕೆಟ್ಟಿತು, ಏಕೆಂದರೆ ಫ್ಲ್ಯಾಶ್ ಹಳೆಯ ಕ್ರಮವನ್ನೇ ನೆಚ್ಚಿಕೊಂಡಿತ್ತು. ಸುರಕ್ಷಿತವೆಂದು ಕಂಡ ಸುಧಾರಣೆಯೂ ಹೀಗೆ ತಿಳಿಸಬೇಕಾದ ಸಂಗತಿಯಾಗಿಬಿಡುತ್ತದೆ.

ಅಂಕಿ ಕೊಡುವಾಗ ಅಳೆದದ್ದು ಯಾವುದರ ಮೇಲೆ ಎಂದು ಹೇಳಬೇಕು. 2022ರ ಪೈಥಾನ್ 3.11 ಹಿಂದಿನ ಆವೃತ್ತಿಗಿಂತ ಶೇ. 10ರಿಂದ 60ರಷ್ಟು ವೇಗದ್ದು, ನಿಗದಿತ ಪರೀಕ್ಷಾಗುಚ್ಛದಲ್ಲಿ ಸರಾಸರಿ 1.25 ಪಟ್ಟು ಎಂದು ಅದರ ಟಿಪ್ಪಣಿ ಹೇಳಿತು. ಅಂತರವನ್ನೂ ಸರಾಸರಿಯನ್ನೂ ಒಟ್ಟಿಗೆ ಕೊಟ್ಟದ್ದು ಪ್ರಾಮಾಣಿಕ ಕ್ರಮ. ಸಾಮಾನ್ಯ ಬಳಕೆದಾರರಿಗೆ ಶೇಕಡಾವಾರಿಗಿಂತ ಕಾಯುವ ಹೊತ್ತೇ ಚೆನ್ನಾಗಿ ಅರ್ಥವಾಗುತ್ತದೆ: ಪಹಣಿ ತೆರೆಯಲು ಬೇಕಿದ್ದ ಅರ್ಧ ನಿಮಿಷ ಐದು ಸೆಕೆಂಡಿಗೆ ಇಳಿದಿದ್ದರೆ ಹಾಗೆಂದೇ ಬರೆಯಬೇಕು. ಆ ಅಳತೆ ಕೊಲ್ಲೂರಿನ ಕಾಡಂಚಿನ ಹಳೆಯ ಮೊಬೈಲಿನಲ್ಲೂ ನಿಜವಾಗಿರಬೇಕು. ತಯಾರಕರ ಹೊಸ ಯಂತ್ರದಲ್ಲಿ ಮಾತ್ರ ಕಂಡ ಲಾಭಕ್ಕೆ ಅಲ್ಲಿನವರ ಮಟ್ಟಿಗೆ ಅರ್ಥವಿಲ್ಲ. 'ಕಾರ್ಯಕ್ಷಮತೆ ಸುಧಾರಿಸಿದೆ' ಎಂಬ ಒಂಟಿ ಸಾಲು ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ವೇಗ ತಗ್ಗಿದ್ದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆ ಪರಿಹಾರ ಹೊರಬಂದಾಗ, ಹೊಸ ಯಂತ್ರಗಳಲ್ಲಿ ವ್ಯತ್ಯಾಸ ಅಲ್ಪ, ವಿಂಡೋಸ್ 7 ಮತ್ತು 8 ಇರುವ ಹಳೆಯ ಯಂತ್ರಗಳಲ್ಲಿ ಹೆಚ್ಚಿನವರಿಗೆ ನಿಧಾನ ಗೊತ್ತಾಗುತ್ತದೆ ಎಂದು ಮೈಕ್ರೋಸಾಫ್ಟ್ ಬಹಿರಂಗವಾಗಿ ತಿಳಿಸಿತು.