1965: ಬರೆಯದೆ ಉಳಿದ ಪುಟಗಳು



ಕೇಂದ್ರ ಸರಕಾರದ ಕಡತಗಳ ನಡುವೆ ಮೂರು ದಶಕಗಳನ್ನು ಕಳೆದ ನನಗೆ ಒಂದು ಪಾಠವಂತೂ ಮನದಟ್ಟಾಗಿದೆ. ಕಡತದಲ್ಲಿ ನಮೂದಾಗದ ಸಂಗತಿ ಕಾಲಕ್ರಮದಲ್ಲಿ ನಡೆದೇ ಇಲ್ಲವೆಂದಾಗಿಬಿಡುತ್ತದೆ. 1965ನೆಯ ಇಸವಿಯನ್ನು ನೆನೆದಾಗಲೆಲ್ಲ ಈ ಮಾತು ನನ್ನನ್ನು ಕಾಡುತ್ತದೆ.

ಆ ವರ್ಷ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದೊಡನೆ ಸೆಣಸಿ ಅದನ್ನು ಕೆಡವಿದ ಅವರ ಸಾಹಸ ಬಹುಕಾಲ ನಮಗೆ ತಿಳಿದಿರಲಿಲ್ಲ. ಅದು ಬೆಳಕಿಗೆ ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ. ನಮ್ಮ ವೀರನ ಕಥೆಯನ್ನು ನಾವು ಎದುರಾಳಿಯ ನೆನಪಿನಿಂದ ಪಡೆಯಬೇಕಾಯಿತು.

ಕದನವಿರಾಮದ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಜನರಲ್ ಕಾರ್ಯಪ್ಪನವರ ಮಗ ಸೆರೆಯಾದರು. ಅಯೂಬ್ ಖಾನರು ಬಿಡುಗಡೆಯ ಸೂಚನೆ ಕಳಿಸಿದಾಗ, ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗಾಗಿ ವಿಶೇಷ ಉಪಚಾರ ಬೇಡವೆಂದು ಆ ತಂದೆ ನಿರಾಕರಿಸಿದ್ದು ಜನಜನಿತವಾಗಿದೆ.

ಆದರೆ ಆ ವರ್ಷವೆಂದರೆ ಯುದ್ಧವೊಂದೇ ಅಲ್ಲ. ಜನವರಿ 26ರಂದು ಹಿಂದಿ ಒಕ್ಕೂಟದ ಆಡಳಿತ ಭಾಷೆಯಾಗುವ ಗಡುವು ಬಂದಾಗ ಮದರಾಸು ಪ್ರಾಂತ ಹೊತ್ತಿ ಉರಿಯಿತು. ಇಂಗ್ಲಿಷ್ ಮುಂದುವರಿಯುವುದೆಂದು ಶಾಸ್ತ್ರಿಯವರು ಭರವಸೆ ಕೊಡಬೇಕಾಯಿತು. ವರ್ಷದಾರಂಭದಲ್ಲಿ ಭಾಷೆಯ ಪ್ರಶ್ನೆಯಿಂದ ಕದಡಿದ್ದ ದೇಶವೇ ಸೆಪ್ಟೆಂಬರಿನಲ್ಲಿ ಒಂದಾಗಿ ನಿಂತಿತು. ಧಾನ್ಯದ ಅಭಾವವಿದ್ದ ಆ ದಿನಗಳಲ್ಲಿ ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಅವರು ಕೇಳಿದಾಗ ಜನ ಬಿಟ್ಟರು.

ಕಾರವಾರದಲ್ಲಿ ಕಡೆಂಗೋಡ್ಲು ಶಂಕರಭಟ್ಟರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನೆರೆದದ್ದೂ ಅದೇ ವರ್ಷ. ಅನಂತಮೂರ್ತಿಯವರ 'ಸಂಸ್ಕಾರ', ಭೈರಪ್ಪನವರ 'ವಂಶವೃಕ್ಷ' ಎರಡೂ 1965ರ ಕಾದಂಬರಿಗಳು. ಮೊದಲನೆಯದನ್ನು ಬರೆದವರು ಆಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿ. ಎರಡನೆಯವರು ಆ ದಶಕದಲ್ಲಿ ಗುಜರಾತಿನಲ್ಲಿ ಅಧ್ಯಾಪಕರು. ಹೊರನಾಡಿನಲ್ಲಿ ಕುಳಿತವರು ಒಳನಾಡನ್ನು ಬರೆದರು. ನಾವಾದರೋ ನಮ್ಮ ಹೊರನಾಡನ್ನೇ ಬರೆದಿಲ್ಲ.

ಆಗ ನವಿ ಮುಂಬಯಿ ಎಂಬ ಹೆಸರೇ ಹುಟ್ಟಿರಲಿಲ್ಲ. ನನ್ನ ತಂದೆಯವರು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದುತ್ತಿದ್ದರು. ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದು, ದೀಪವಾರಿದ ಮೇಲೆ ಮಾಸ್ತರರು ಕತ್ತಲಲ್ಲೇ ಪದ್ಯ ಬಾಯಿಪಾಠ ಮಾಡಿಸಿದ್ದು, ಸೋಮವಾರ ಸಂಜೆ ಹೋಟೆಲು ಬಾಗಿಲೆಳೆದಾಗ ಹುಡುಗರೆಲ್ಲ ಕಡಲ ದಂಡೆಯಲ್ಲಿ ಕುಳಿತು ಊರಿಗೆ ಕಾಗದ ಬರೆಯುತ್ತಿದ್ದುದು, ಇವನ್ನೆಲ್ಲ ಅವರು ಹೇಳುತ್ತಿದ್ದರು. ನಮ್ಮ ಪತ್ರಿಕೆಗೆ ಬರೆದುಕೊಡಿ ಎಂದೆ. "ನನ್ನ ಕೈ ನಡುಗುತ್ತದೆ ಮಗಾ, ನಾನು ಹೇಳುತ್ತೇನೆ, ನೀನು ಬರೆದುಕೋ" ಎಂದರು. ಕಚೇರಿಯ ಕೆಲಸದ ನೆಪದಲ್ಲಿ, ಮುಂದಿನ ಸಂಚಿಕೆಗಾಗಲಿ ಎಂದು ಮೂರು ಸಂಚಿಕೆಗಳನ್ನು ದಾಟಿಸಿದೆ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕತ್ತಲಲ್ಲಿ ಪಾಠ ಹೇಳಿದ ಆ ಮಾಸ್ತರರ ಹೆಸರನ್ನು ಕೇಳಲು ಈಗ ನನಗೆ ಯಾರೂ ಇಲ್ಲ.

ಈ ತಪ್ಪು ನನ್ನದು. ಅದು ನಿಮ್ಮದಾಗದಿರಲಿ. ಆ ವರ್ಷ ಹತ್ತು ಹದಿನೈದರ ಹುಡುಗರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಕಾಮೋಠೆಯಲ್ಲಿ, ಪನ್ವೇಲಿನಲ್ಲಿ, ಡೊಂಬಿವಲಿಯಲ್ಲಿ ನಮ್ಮ ಮನೆಗಳ ಮೂಲೆಯ ಕುರ್ಚಿಯಲ್ಲೇ ಕುಳಿತಿದ್ದಾರೆ. ಅವರದು ಮಹಾವೀರ ಚಕ್ರದ ಸಾಹಸವಲ್ಲ ನಿಜ. ಆದರೆ ಹಸಿವನ್ನು ಹಂಚಿಕೊಂಡು ಅಕ್ಷರ ಕಲಿತವರ ಚರಿತ್ರೆಯೂ ಆ ವರ್ಷದ ಚರಿತ್ರೆಯೇ. ಅದನ್ನು ಬೇರೆಯವರು ಬರೆಯಲಾರರು.

ಬರುವ ಸಂಚಿಕೆಯಿಂದ ಎಂಟು ಪುಟಗಳನ್ನು ಈ ನೆನಪುಗಳಿಗೆ ಮೀಸಲಿಡುತ್ತಿದ್ದೇವೆ. ಹಿರಿಯರು ಬರೆಯಲಿ, ಬರೆಯಲಾಗದವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಮೊಮ್ಮಕ್ಕಳಿಗೆ ಕನ್ನಡ ಬರೆಯಲು ಬಾರದಿದ್ದರೆ ಸಂಕೋಚ ಬೇಡ, ತಿಳಿಸಿರಿ. ಭಾನುವಾರ ಕಾಗದ ಲೇಖನಿಯೊಡನೆ ನಾನೇ ಬರುತ್ತೇನೆ.

— ಸಂಪಾದಕ