ನೀರಿನ ವರದಿ ಊರಿಗೆ ಮೊದಲು ತಲುಪಲಿ

1938ರ ಏಪ್ರಿಲ್ 25ರಂದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದವರಿದ್ದಾರೆ, 30 ದಾಟಿತ್ತು ಎಂದವರೂ ಇದ್ದಾರೆ. ವಿಚಾರಣೆ ನಡೆಯಿತು, ಸರ್ದಾರ್ ಪಟೇಲರು ಮೈಸೂರಿಗೆ ಬಂದು ರಾಜಿ ಮಾಡಿಸಿದರು. ಆದರೂ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ತಾಳೆಯಾಗಿಲ್ಲ.

ಇದೇ ಸೀಮೆಯಲ್ಲಿ ಈಗ ನೀರಿನ ವಿಷಯದಲ್ಲಿ ಎರಡು ಲೆಕ್ಕ ಹುಟ್ಟಿಕೊಂಡಿವೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರು ಎರಡು ಹಂತದ ಸಂಸ್ಕರಣೆ ಮುಗಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡ ರೈತರ ಸಮಾಧಾನ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ವರ್ಷಗಳಿಂದ ಪಟ್ಟು ಹಿಡಿದಿರುವುದೂ ಸುಮ್ಮನೆ ಅಲ್ಲ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದನ್ನು, ಅಲ್ಲಿಗೆ ಹರಿಯುತ್ತಿದ್ದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರಿಗೆ ಹೈಕೋರ್ಟ್ ತಡೆ ಕೊಟ್ಟದ್ದನ್ನು ಇಲ್ಲಿನವರು ಮರೆತಿಲ್ಲ. ಸುಪ್ರೀಂ ಕೋರ್ಟ್‌ವರೆಗೆ ಹೋಗಿ ನೀರು ಮತ್ತೆ ಹರಿಯಿತು. ಅನುಮಾನ ಮಾತ್ರ ಉಳಿಯಿತು.

ನೊರೆಯಾದರೆ ಕಣ್ಣಿಗೆ ಕಾಣುತ್ತದೆ. ಈ ತಾಲ್ಲೂಕುಗಳ ಹಳೆಯ ಪೀಡೆಯಾದ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಹೆಚ್ಚಾದರೆ ಮೂಳೆಗೂ ಇಳಿಯುತ್ತದೆ. ಹೀಗಾಗಿ ಇಲ್ಲಿ ನೀರಿನ ಸುರಕ್ಷತೆ ಎಂದರೆ ಪೂರ್ತಿ ಇನ್ನೊಬ್ಬರ ಮಾತಿನ ಮೇಲೆ ನಿಂತ ವಿಷಯ.

ಆ ಮಾತು ಯಾರದು? ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಹೇಳಿದೆ. ಕಿಟ್‌ನ ಪುಟ್ಟ ಬಾಟಲಿಗೆ ನೀರು ತುಂಬಿ ಔಷಧ ಹಾಕಿ ಕುಲುಕಿದರೆ, ಫ್ಲೋರೈಡ್ ಏರಿದಂತೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಪಕ್ಕದಲ್ಲಿ ಬಣ್ಣದ ಪಟ್ಟಿ ಹಿಡಿದು ಯಾರು ಬೇಕಾದರೂ ನೋಡಬಹುದು. ಪಕ್ಕದ ಮನೆಯಾಕೆ ಬಾವಿಕಟ್ಟೆಯ ಬಳಿ ನಾಲ್ಕು ಜನರೆದುರು ಮಾಡಿ ತೋರಿಸಿದ ಪರೀಕ್ಷೆಗಿರುವ ತೂಕ ಜಿಲ್ಲಾ ಕಚೇರಿಯ ಪ್ರಕಟಣೆಗೆ ಬರುವುದಿಲ್ಲ. ಅದೇ ಫಲಿತಾಂಶ ಮೊಬೈಲ್ ಆ್ಯಪ್‌ಗೆ ಸೇರಿ ಊರಿಗೆ ಮರಳದೆ ಹೋದರೆ, ಆ ಜಾಗ ಖಾಲಿ ಇರುವುದಿಲ್ಲ. ವಾಟ್ಸ್‌ಆ್ಯಪ್ ಬಂದು ಕೂರುತ್ತದೆ.

ನಾವು ಈಗಲೇ ಎಚ್ಚರಿಸುತ್ತಿರುವುದು ಇದಕ್ಕೇ. 2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರದಲ್ಲಿ ಭೂಮಿ ನಡುಗಿದಾಗ ತಜ್ಞರು ಬಂದು ವಿವರಿಸುವವರೆಗೆ ಕಾಯಲು ಸಾಧ್ಯವಿತ್ತು. ಕುಡಿಯುವ ನೀರಿಗೆ ಅಂಥ ಬಿಡುವಿರುವುದಿಲ್ಲ. "ಈ ಬೋರಿನ ನೀರು ಕುಡಿಯಬೇಡಿ" ಎಂದು ನಿಜವಾಗಿ ಸಾರಬೇಕಾದ ದಿನ, ಅಷ್ಟರಲ್ಲಿ ನಂಬಿಕೆ ಸವೆದಿದ್ದರೆ, ಜನ ಆ ಮಾತನ್ನು ಪಕ್ಕಕ್ಕಿಟ್ಟು ಅದೇ ಬಿಂದಿಗೆ ತುಂಬಿಸಿಕೊಳ್ಳುತ್ತಾರೆ.

ಜನರ ನಂಬಿಕೆಯನ್ನು ಅಧ್ಯಯನ ಮಾಡಬೇಕೆನ್ನುವ ವಿಶ್ವವಿದ್ಯಾಲಯಗಳು ಈ ತಾಲ್ಲೂಕುಗಳಿಗೆ ಬರಲಿ. "ಸರ್ಕಾರವನ್ನು ನಂಬುತ್ತೀರಾ" ಎಂದು ಫಾರಂ ತುಂಬಿಸಿಕೊಂಡು ಹೋದರೆ ಏನೂ ತಿಳಿಯುವುದಿಲ್ಲ. ನೀರು ಕೆಂಪಾಗಿ ಬಂದಾಗ ಮೊದಲು ಯಾರನ್ನು ಕೇಳಿದಿರಿ, ನೀರುಗಂಟಿಯನ್ನೋ, ಆಶಾ ಕಾರ್ಯಕರ್ತೆಯನ್ನೋ, ಪಿಡಿಒ ಅವರನ್ನೋ? ಅವರಿಗೆ ಉತ್ತರ ಗೊತ್ತಿತ್ತೇ? ತೆಲುಗಿನಲ್ಲಿ ಹೇಳಿದರೋ ಕನ್ನಡದಲ್ಲೋ? ಆಂಧ್ರದ ಗಡಿಗೆ ಅಂಟಿಕೊಂಡ ಈ ಊರುಗಳಲ್ಲಿ ಕೊನೆಯ ಪ್ರಶ್ನೆ ಚಿಕ್ಕದಲ್ಲ. ಕಂಡುಕೊಂಡದ್ದನ್ನು ಅದೇ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಿ ಹೋಗಲಿ.

ಜಿಲ್ಲಾಡಳಿತಕ್ಕೆ ಅಧ್ಯಯನ ಮುಗಿಯುವವರೆಗೆ ಕಾಯುವ ಅಗತ್ಯವಿಲ್ಲ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬೋರಿನ ಹೆಸರು, ಪರೀಕ್ಷೆಯ ದಿನಾಂಕ, ಮಾಡಿದವರ ಹೆಸರು, ಫಲಿತಾಂಶ ಬರೆಸಬೇಕು. ಫಲಿತಾಂಶ ಕೆಟ್ಟದಾಗಿದ್ದ ತಿಂಗಳು ಮೊದಲು ಬರೆಸಬೇಕು. ಬೇಸಿಗೆಗೆ ಮುಂಚೆಯೇ ಈ ಕೆಲಸ ಶುರುವಾಗಲಿ.